ನೋವು ಯಾವುದು, ಮಾತ್ರೆ ಯಾವುದು

ನಾನು ಬಿದ್ದದ್ದು ನಮ್ಮದೇ ಮನೆಯ ಮೆಟ್ಟಿಲ ಮೇಲೆ. ಟ್ಯಾಂಕು ತುಂಬಿ ನೀರು ಚೆಲ್ಲುತ್ತಿರುವ ಸದ್ದು ಕೇಳಿಸಿ ಟೆರೇಸಿಗೆ ಹತ್ತಿದ್ದೆ. ಇಳಿಯುವಾಗ ಒದ್ದೆ ಮೆಟ್ಟಿಲಲ್ಲಿ ಕಾಲು ಜಾರಿತು. ಆರೇಳು ಮೆಟ್ಟಿಲು ಉರುಳಿ ನಿಂತಾಗ ಬಲಪಾದ ನೋಡಬಾರದ ಕಡೆಗೆ ತಿರುಗಿಕೊಂಡಿತ್ತು. ಪಾದದ ಮೇಲಿನ ಗಂಟಿನಲ್ಲಿ ಎರಡು ಮೂಳೆ ಮುರಿದಿದ್ದವು. ಅದೇ ಸಂಜೆ ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ನನಗಾಗ ನಲವತ್ತೊಂಬತ್ತು ವರ್ಷ.

ಹೊಸೂರು ರಸ್ತೆಯ ಚಂದಾಪುರದಿಂದ ಸ್ವಲ್ಪ ಒಳಗಿದೆ ನಮ್ಮೂರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ನಮ್ಮ ಕಟ್ಟಡ ನಿಂತಿದೆ. ಮೇಲಿನ ಮಹಡಿಗಳಲ್ಲಿ ಫ್ಯಾಕ್ಟರಿಗೆ ಹೋಗುವ ಬಾಡಿಗೆಯವರು. ಮೊದಲನೇ ಮಹಡಿಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ. ನೆಲಮಹಡಿಯಲ್ಲಿ ಎರಡು ಅಂಗಡಿ. ಒಂದು ಬೇಕರಿ, ಇನ್ನೊಂದು ರೇಷ್ಮಾಳ ಮೆಡಿಕಲ್ ಸ್ಟೋರ್. ರೇಷ್ಮಾ ಆನೇಕಲ್ಲಿನ ಹುಡುಗಿ, ಫಾರ್ಮಸಿ ಓದಿದವಳು. ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

ಆಸ್ಪತ್ರೆಯಿಂದ ಮನೆಗೆ ಬರುವಾಗ ಹತ್ತು ದಿನಕ್ಕೆಂದು ಒಂದು ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ನನಗೆ ಯಾವ ಪೊಟ್ಟಣ ತೆರೆದರೂ ಒಳಗಿನ ಕಾಗದ ಓದುವ ಅಭ್ಯಾಸ. ಆದರೆ ಮಾತ್ರೆಯ ಜೊತೆ ಕಾಗದ ಇರಲಿಲ್ಲ, ಹಿಂಬದಿಯ ಬೆಳ್ಳಿ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿ ಟ್ರಮಡಾಲ್ ಎಂದಿತ್ತು. ಪಕ್ಕದಲ್ಲಿ ಕೆಂಪು ಚೌಕದೊಳಗೆ ಒಂದು ಎಚ್ಚರಿಕೆ. ಕನ್ನಡಕ ಹಾಕಿಕೊಂಡರೂ ಅದನ್ನು ಓದಲಿಕ್ಕೆ ಆಗಲಿಲ್ಲ. ಪರವಾಗಿಲ್ಲ ಅಂದುಕೊಂಡು ನುಂಗಿದೆ.

ಆ ಮಾತ್ರೆ ಒಳ್ಳೆಯದನ್ನೇ ಮಾಡಿತು. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಮೂಳೆ ಕೊರೆದು ಸ್ಕ್ರೂ ಹಾಕಿದ ಕಾಲು ಅದು. ಮಾತ್ರೆ ಇಲ್ಲದೆ ಹಾಸಿಗೆಯ ಅಂಚಿಗೆ ಬಂದು ಕೂರುವುದೂ ಆಗುತ್ತಿರಲಿಲ್ಲ. ನುಂಗಿ ಮುಕ್ಕಾಲು ಗಂಟೆಗೆ ನೋವು ದೂರ ಸರಿಯುತ್ತಿತ್ತು. ಅದರ ಜೊತೆಗೇ ಇನ್ನೊಂದು ಆಗುತ್ತಿತ್ತು, ಅದನ್ನು ನಾನು ಯಾರಿಗೂ ಹೇಳಲಿಲ್ಲ. ಮೈಯೊಳಗೆ ಒಂದು ಬಿಸುಪು ಹರಡುತ್ತಿತ್ತು. ಅತ್ತೆಯ ಗೊಣಗು, ಬಾಡಿಗೆಯವರ ನೀರಿನ ಜಗಳ, ಮದುವೆಯಾಗಿ ಮೈಸೂರಿಗೆ ಹೋದ ಮಗಳು ಫೋನ್ ಮಾಡದೆ ಇದ್ದದ್ದು, ಯಾವುದೂ ಮನಸ್ಸಿಗೆ ತಟ್ಟುತ್ತಿರಲಿಲ್ಲ.

ಹತ್ತು ದಿನ ಮುಗಿದ ಮೇಲೆ ನಮ್ಮ ಯಜಮಾನರ ಕೈಯಲ್ಲಿ ಹಳೇ ಚೀಟಿ ಕೊಟ್ಟು ಕೆಳಗೆ ಕಳಿಸಿದೆ. ರೇಷ್ಮಾ ಒಂದು ಸ್ಟ್ರಿಪ್ ಕೊಟ್ಟಳು. ಆಮೇಲೆ ಇನ್ನೊಂದು. ವಾಕರ್ ಹಿಡಿದು ಓಡಾಡುವಂತಾದ ಮೇಲೆ ನಾನೇ ಇಳಿದು ಹೋಗುತ್ತಿದ್ದೆ. ಮೊದಮೊದಲು ಅವಳು "ಡಾಕ್ಟರ್ ಹತ್ರ ಹೋಗಿದ್ರಾ ಅಕ್ಕ? ಇನ್ನೂ ತಗೋಬೇಕು ಅಂದ್ರಾ?" ಎಂದು ಕೇಳುತ್ತಿದ್ದಳು. "ಹೂಂ ಕಣಮ್ಮ, ಮೂಳೆ ಇನ್ನೂ ಕೂಡಿಲ್ವಂತೆ" ಎನ್ನುತ್ತಿದ್ದೆ. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿತ್ತು.

ದಿನಕ್ಕೆ ಎರಡು ಇದ್ದದ್ದು ಮೂರಾಯಿತು, ಐದಾಯಿತು. ಬಿದ್ದ ಎಂಟು ತಿಂಗಳಿಗೆ ದಿನಕ್ಕೆ ಎಂಟು ನುಂಗುತ್ತಿದ್ದೆ. ಆಗೆಲ್ಲ ನನಗಿದ್ದದ್ದು ಹೆದರಿಕೆಯಲ್ಲ, ಆಶ್ಚರ್ಯ. ಮೂಳೆ ಕೂಡಿದೆ, ಗಾಯ ಮಾಗಿದೆ, ನಡೆಯುತ್ತಿದ್ದೇನೆ. ಆದರೂ ಬೆಳಿಗ್ಗೆ ಹನ್ನೊಂದಕ್ಕೆ, ಮೂರಕ್ಕೆ, ಗಡಿಯಾರ ನೋಡಿಕೊಂಡು ಬಂದ ಹಾಗೆ ನೋವು ಬರುತ್ತದಲ್ಲ, ಹೇಗೆ? ಒಂದು ದಿನ ತಂಗಿಯ ಮೊಮ್ಮಗನ ನಾಮಕರಣಕ್ಕೆ ಹೋಗಿದ್ದಾಗ ಮಾತ್ರೆ ಮನೆಯಲ್ಲೇ ಮರೆತೆ. ಮಧ್ಯಾಹ್ನ ಪಂಕ್ತಿಯಲ್ಲಿ ಕೂತಾಗ ಎರಡೂ ಕಾಲು ಸೆಳೆಯತೊಡಗಿದವು. ಎಡಗಾಲು ಯಾವತ್ತೂ ಮುರಿದಿರಲಿಲ್ಲ. ಇದೇಕೆ ನೋಯುತ್ತದೆ ಎಂದು ಯೋಚಿಸುತ್ತಲೇ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ, ಆಟೋ ಹಿಡಿದು ಮನೆಗೆ ಬಂದೆ. ನುಂಗಿದ ಮೇಲೆ ಆ ಪ್ರಶ್ನೆಯೂ ಮರೆತುಹೋಯಿತು.

ರೇಷ್ಮಾ ಇಲ್ಲ ಎಂದದ್ದು ಒಂದು ಗುರುವಾರ ಬೆಳಿಗ್ಗೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಗಲ್ಲಾದ ಕೆಳಗಿನಿಂದ ಒಂದು ಉದ್ದನೆಯ ರಿಜಿಸ್ಟರ್ ತೆಗೆದು ನನ್ನ ಕಡೆ ತಿರುಗಿಸಿದಳು. ಇಂಥ ಮಾತ್ರೆಗಳನ್ನು ಯಾರಿಗೆ ಕೊಟ್ಟೆವು, ಯಾವ ಡಾಕ್ಟರ ಚೀಟಿ ಎಂದು ಅವರು ಬರೆದಿಡಬೇಕಂತೆ.

"ಇದನ್ನ ಸ್ವಲ್ಪ ನೋಡಿ ಅಕ್ಕ" ಎಂದಳು.

ಪುಟದ ತುಂಬ ನನ್ನ ಹೆಸರು. ವಿಮಲಾ, ವಿಮಲಾ, ವಿಮಲಾ. ಎಲ್ಲದರ ಮುಂದೆಯೂ ಎಂಟು ತಿಂಗಳ ಹಿಂದಿನ ಅದೇ ಚೀಟಿ.

"ಇನ್ನು ನನ್ ಕೈಲಿ ಕೊಡಕ್ಕಾಗಲ್ಲ. ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ, ಬನ್ನಿ."

ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಿಟ್ಟು. "ನೀನು ಕೂತಿರೋ ಈ ಬಿಲ್ಡಿಂಗ್ ಯಾರ್ದು ಅಂತ ಗೊತ್ತಿದೆಯಾ?" ಎಂದೆ.

"ಗೊತ್ತು ಅಕ್ಕ. ಅದಕ್ಕೇ ಇಷ್ಟು ದಿನ ಕೊಟ್ಟೆ."

ಅವಳ ಧ್ವನಿ ಏರಲಿಲ್ಲ. ನನ್ನ ಧ್ವನಿ ಏರಿತು. ತಿಂಗಳೊಳಗೆ ಅಂಗಡಿ ಖಾಲಿ ಮಾಡು ಎಂದು ಹೇಳಿ ಬಂದೆ. ಬೇಕರಿಯವರು ಹೊರಗೆ ಬಂದು ನೋಡುತ್ತಿದ್ದರು.

ಆ ಮಧ್ಯಾಹ್ನ ಆಟೋ ಮಾಡಿಕೊಂಡು ಹೊಸೂರು ರಸ್ತೆಯುದ್ದಕ್ಕೂ ಅಂಗಡಿ ಅಂಗಡಿ ಹತ್ತಿಳಿದೆ. ಒಂದು ಕಡೆ ಚೀಟಿ ಕೇಳಿದರು. ಇನ್ನೊಂದು ಕಡೆ ನನ್ನ ಮುಖ ನೋಡಿಯೇ ಸ್ಟಾಕ್ ಇಲ್ಲ ಎಂದರು. ಮೂರನೆಯ ಕಡೆ, "ನಮ್ಮತ್ತೆಗೆ ಸಾರ್, ಎಂಬತ್ತು ವರ್ಷ, ಹಾಸಿಗೆ ಹಿಡಿದಿದ್ದಾರೆ" ಎಂದು ಸುಳ್ಳು ಹೇಳಿದೆ. ಮನೆಯಲ್ಲಿ ಅತ್ತೆ ಆ ಹೊತ್ತಿಗೆ ಗಟ್ಟಿಮುಟ್ಟಾಗಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಆತ ಒಂದು ಸ್ಟ್ರಿಪ್ ಕೊಟ್ಟ. ಅದು ಶುಕ್ರವಾರದ ಸಂಜೆಯವರೆಗೆ ಬಂತು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಶೀತ ಅಂದುಕೊಂಡೆ. ಮೂಗು, ಕಣ್ಣು ಸುರಿಯುತ್ತಿದ್ದವು. ಒಂದರ ಹಿಂದೆ ಒಂದು ಆಕಳಿಕೆ. ಸೆಕೆಯಲ್ಲೂ ಮೈಮೇಲೆ ಮುಳ್ಳು ಎದ್ದು ನಿಲ್ಲುತ್ತಿತ್ತು. ಹೊಟ್ಟೆ ಕೆಟ್ಟಿತು. ಎಲ್ಲಕ್ಕಿಂತ ಕಷ್ಟವಾದದ್ದು ಕಾಲುಗಳದ್ದು. ಒಂದು ಕಡೆ ಇಡಲಿಕ್ಕೇ ಆಗುತ್ತಿರಲಿಲ್ಲ, ಯಾರೋ ಒಳಗಿನಿಂದ ಎಳೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಅತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿವಾಳಿಸಿದರು. "ನಾಮಕರಣಕ್ಕೆ ಆ ಕೆಂಪು ಸೀರೆ ಉಟ್ಕಂಡು ಓದ್ಯಲ್ಲ, ಅಲ್ಲೇ ಯಾರ್ದೋ ಕಣ್ಣು ಬಿತ್ತು. ಇಂಗೆಲ್ಲ ಆಗ್ತದೆ ಅಂತ ಆವತ್ತೇ ಅನ್ಕಂಡೆ" ಎಂದರು. ಯಜಮಾನರು ಡೋಲೋ ಮಾತ್ರೆ ತಂದುಕೊಟ್ಟರು.

ಭಾನುವಾರ ಬೆಳಿಗ್ಗೆ ರೇಷ್ಮಾ ಮೇಲೆ ಬಂದಳು. ಅಂಗಡಿ ಖಾಲಿ ಮಾಡೆಂದು ನಾನು ಹೇಳಿ ಮೂರು ದಿನವಾಗಿತ್ತು. ಯಜಮಾನರು ಡೋಲೋ ಕೇಳಿದಾಗ ಯಾರಿಗೆ, ಏನಾಗಿದೆ ಎಂದು ವಿಚಾರಿಸಿದ್ದಳಂತೆ. ಬಾಗಿಲಲ್ಲೇ ನಿಂತು, "ಒಳಗೆ ಬರ್ಲಾ?" ಎಂದಳು. ನಾನು ಮುಖ ಗೋಡೆಗೆ ತಿರುಗಿಸಿದೆ. ಅವಳು ಬಂದು ಮಂಚದ ಪಕ್ಕ ಕೂತು ನನ್ನ ತೋಳು ನೋಡಿದಳು, ಕಣ್ಣು ನೋಡಿದಳು.

"ಅಕ್ಕ, ಇದು ಜ್ವರ ಅಲ್ಲ. ಮಾತ್ರೆ ಬಿಟ್ಟಿದ್ದಕ್ಕೆ ಮೈ ಹಿಂಗಾಡ್ತಿದೆ."

"ಮಾತ್ರೆ ಬಿಟ್ರೆ ಹಿಂಗಾಗುತ್ತಾ?" ಎಂದು ಕೇಳಿದೆ. ಅಷ್ಟು ಕಷ್ಟದಲ್ಲೂ ತಿಳಿದುಕೊಳ್ಳಬೇಕು ಅನ್ನಿಸಿತ್ತು.

"ಇಷ್ಟು ದಿನ ತಗೊಂಡು ಒಮ್ಮೆಗೇ ಬಿಟ್ರೆ ಆಗುತ್ತೆ. ಹಂಗೆ ಬಿಡಬಾರ್ದು. ಇದಕ್ಕೇ ಅಂತ ಡಾಕ್ಟ್ರು ಇದ್ದಾರೆ."

ಯಜಮಾನರು ಬಾಗಿಲ ಹತ್ತಿರ ನಿಂತಿದ್ದರು. "ಇದಕ್ಕೇ ಅಂದ್ರೆ? ಕುಡುಕರನ್ನ ಬಿಡಿಸ್ತಾರಲ್ಲ, ಅದಾ?" ಎಂದರು. ಅವಳು ಹೌದು ಎಂದಳು. ಅವರು ಹೋಗಿ ವರಾಂಡದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಬಂದು, "ನಾಳೆ ಎಷ್ಟೊತ್ತಿಗೆ ಹೋಗ್ಬೇಕಂತೆ ಕೇಳು" ಎಂದರು. ರೇಷ್ಮಾ ಇನ್ನೂ ಅಲ್ಲೇ ಇದ್ದಳು, ಆದರೂ ನನ್ನನ್ನೇ ಕೇಳಿದರು.

ನಗರದ ಇನ್ನೊಂದು ಕೊನೆಯಲ್ಲಿದ್ದ, ರೇಷ್ಮಾ ಹೇಳಿದ ಆಸ್ಪತ್ರೆಯ ವ್ಯಸನಮುಕ್ತಿ ವಿಭಾಗದಲ್ಲಿ ಮರದ ಬೆಂಚುಗಳು, ಒಂದು ಟೋಕನ್ ಬೋರ್ಡು, ಕಿಟಕಿಯಾಚೆ ಹೊಂಗೆ ಮರ. ಬೆಂಚಿನ ತುಂಬ ಹೆಂಗಸರು, ಒಬ್ಬೊಬ್ಬರ ಪಕ್ಕದಲ್ಲೂ ತಲೆ ತಗ್ಗಿಸಿದ ಒಬ್ಬ ಗಂಡಸು. ನಾನು ಶಾಲು ಹೊದ್ದು ನಡುಗುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಕನಕಪುರದ ಕಡೆಯವರು. ಅವರೇ ಮಾತಿಗಿಳಿದರು.

"ನಿಮ್ಮೆಜಮಾನ್ರು ಎಷ್ಟು ವರ್ಷದಿಂದ?"

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಕೆ ಕೇಳುತ್ತಿದ್ದದ್ದು ನಮ್ಮವರ ಕುಡಿತದ ಬಗ್ಗೆ. ನಮ್ಮವರು ಕಾಫಿ ಕೂಡ ಅರ್ಧ ಲೋಟ ಕುಡಿಯುವ ಮನುಷ್ಯ. ಅವರ ಸ್ವಂತ ಅಣ್ಣ ಕುಡಿದು ಹಾಳಾದದ್ದನ್ನು ನೋಡಿ, ಮದುವೆ ಮನೆಯಲ್ಲಿ ಬಾಟಲಿ ಕಂಡರೆ ಎದ್ದು ಬರುವವರು.

"ಒಂದು ವರ್ಷ ಆಗ್ತಾ ಬಂತಮ್ಮ" ಎಂದರು ನಮ್ಮವರು, ನನ್ನ ಆಚೆ ಬದಿಯಿಂದ.

ಆ ಹೆಂಗಸು ಅವರನ್ನು ಒಮ್ಮೆ ಕೆಳಗಿನಿಂದ ಮೇಲೆ ನೋಡಿದರು. "ಹೆಂಡ್ತಿನ ನೋಡಿ ಅಣ್ಣ, ಹೆಂಗಾಗವ್ರೆ ಚಿಂತೆಲಿ. ಇನ್ನಾದ್ರೂ ಬುಟ್ಬುಡಿ."

"ಹೂಂ, ಬಿಡ್ಬೇಕು" ಎಂದರು.

ಹದಿನೈದು ನಿಮಿಷ ನಮ್ಮವರು ಆ ಬುದ್ಧಿಮಾತನ್ನೆಲ್ಲ ಕೇಳಿಸಿಕೊಂಡರು. ಆಕೆಯ ಗಂಡ ಯಾವ ಹರಕೆಯಿಂದ ಎರಡು ತಿಂಗಳು ಬಿಟ್ಟಿದ್ದ, ಯಾವ ಕಷಾಯ ಕುಡಿದರೆ ಆಸೆ ಹೋಗುತ್ತದೆ, ಎಲ್ಲದಕ್ಕೂ ತಲೆ ಆಡಿಸಿದರು. ಆಮೇಲೆ ನರ್ಸ್ ಬಾಗಿಲಿಗೆ ಬಂದು, "ಪೇಷಂಟ್ ವಿಮಲಾ ಯಾರು?" ಎಂದು ಕೂಗಿದರು. ನಾನು ಎದ್ದೆ. ಆ ಹೆಂಗಸಿನ ಕಡೆ ನೋಡುವ ಧೈರ್ಯವಾಗಲಿಲ್ಲ. ಆದರೆ ಅವರೇ ಕೈ ಚಾಚಿ, ಜಾರುತ್ತಿದ್ದ ನನ್ನ ಶಾಲನ್ನು ಹೆಗಲ ಮೇಲೆ ಸರಿಮಾಡಿದರು. "ಓಗ್ಬನ್ನಿ ತಾಯಿ" ಎಂದರು, ಅಷ್ಟೇ.

ಡಾಕ್ಟರು ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ಬೈಯುತ್ತಾರೆ ಎಂದುಕೊಂಡಿದ್ದೆ. ಆಕೆ ಕೇಳಿದ ಮೊದಲ ಪ್ರಶ್ನೆ, "ಆ ಮಾತ್ರೆ ನಿಮಗೆ ಏನು ಕೊಡ್ತಿತ್ತು?" ಎಂದು. ಇಷ್ಟು ದಿನದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಮಳೇಲಿ ನೆಂದು ಬಂದಾಗ ಯಾರೋ ಒಣ ಟವಲ್ ಕೊಟ್ಟಂಗೆ" ಎಂದೆ. ಆಮೇಲೆ ಅಳು ಬಂತು.

ಆಕೆ ಕಾದರು. ಅತ್ತು ಮುಗಿದ ಮೇಲೆ ನನ್ನೊಳಗಿದ್ದ ಪ್ರಶ್ನೆ ಕೇಳಿದೆ. "ಡಾಕ್ಟ್ರೇ, ನಾನು ರೇಷ್ಮಾ ಹತ್ರ ಮೂಳೆ ಕೂಡಿಲ್ಲ ಅಂತ ಸುಳ್ಳು ಹೇಳಿದ್ದು ನಿಜ. ಆದ್ರೆ ನೋವು ಸುಳ್ಳಲ್ಲ. ನಿಜವಾಗ್ಲೂ ನೋಯ್ತಿತ್ತು. ಮೂಳೆ ಕೂಡಿದ ಮೇಲೆ ಅದು ಎಲ್ಲಿಂದ ಬರ್ತಿತ್ತು?"

"ನೋವು ನಿಜಾನೇ. ಆದ್ರೆ ಅದು ಮೂಳೆದಲ್ಲ. ಒಳಗಿರೋ ಮಾತ್ರೆ ಇಳೀತಾ ಬಂದಂಗೆ ಮೈ ಇನ್ನೊಂದು ಕೊಡು ಅಂತ ಕೇಳುತ್ತೆ. ಮೈಗೆ ಬಾಯಿಲ್ಲ ನೋಡಿ, ನೋವಿನಲ್ಲೇ ಕೇಳುತ್ತೆ."

ಎಡಗಾಲಿನ ವಿಷಯ ಹೇಳಿದೆ. ಆಕೆ ನಕ್ಕರು. "ನೀವೇ ಕಂಡುಹಿಡ್ದಿದ್ದೀರಲ್ಲ" ಎಂದರು. ಮಾತ್ರೆ ಅಪಾಯದ್ದಾದರೆ ಯಾಕೆ ಕೊಡುತ್ತಾರೆ ಎಂದು ಯಜಮಾನರು ಕೇಳಿದರು, ಸ್ವಲ್ಪ ಒರಟಾಗಿಯೇ. ಕಾಲು ಮುರಿದ ವಾರ ಈಕೆಗೆ ಅದು ಬೇಕೇ ಬೇಕಿತ್ತು, ಕ್ಯಾನ್ಸರ್ ನೋವಿನವರಿಗಂತೂ ಇದೇ ಜಾತಿಯ ಔಷಧಿ ಇಲ್ಲದಿದ್ದರೆ ಗತಿಯಿಲ್ಲ, ಎಂದರು ಡಾಕ್ಟರು. ಹತ್ತು ದಿನವಾದ ಮೇಲೆ ಯಾರಾದರೂ ಕೂತು, ಈಗ ನಿಲ್ಲಿಸೋಣವೇ ಎಂದು ಕೇಳಬೇಕಿತ್ತು. ಅದೊಂದು ಆಗಲಿಲ್ಲ.

ಒಮ್ಮೆಗೇ ನಿಲ್ಲಿಸಲಿಲ್ಲ. ಹಂತ ಹಂತವಾಗಿ ಇಳಿಸುವ ಒಂದು ಪಟ್ಟಿ ಬರೆದುಕೊಟ್ಟರು. ಸ್ಟ್ರಿಪ್ ನನ್ನ ಕೈಯಲ್ಲಿ ಇರಬಾರದು. ಯಜಮಾನರು ಅದನ್ನು ತಮ್ಮ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತಿರುಗಿದರು, ಸ್ನಾನಕ್ಕೆ ಹೋಗುವಾಗಲೂ ಅಂಗಿ ಒಳಗೆ ತೆಗೆದುಕೊಂಡೇ ಹೋದರು. ಮೂರನೇ ವಾರ ಒಮ್ಮೆ ನಾನು ಆ ಜೇಬಿಗೆ ಕೈ ಹಾಕಿದೆ. ಅವರು ಮಧ್ಯಾಹ್ನ ಊಟ ಮಾಡಿ ಮಲಗಿದ್ದರು. ಕಣ್ಣು ಬಿಟ್ಟು ನೋಡಿದರು. ಕೈ ಹಿಡಿಯಲಿಲ್ಲ. "ತಗೋತೀಯಾ?" ಎಂದರು. ಕೇಳಿದ ರೀತಿಗೆ ನನಗೆ ಕೈ ಹಿಂದೆಗೆಯದೆ ಬೇರೆ ದಾರಿ ಇರಲಿಲ್ಲ. ಅವರು ಸಿಟ್ಟು ಮಾಡಿದ್ದರೆ ಬಹುಶಃ ಕಿತ್ತುಕೊಂಡೇ ಬಿಡುತ್ತಿದ್ದೆ.

ಡಾಕ್ಟರು ಒಂದು ಪುಸ್ತಕದಲ್ಲಿ ಬರೆಯಲು ಹೇಳಿದ್ದರು. ನೋವು ಬಂದಾಗ ಎಲ್ಲಿ ಬಂತು, ಕಾಲು ದಿಂಬಿನ ಮೇಲಿಟ್ಟರೆ ಕಡಿಮೆಯಾಯಿತೇ, ಯಾರ ಜೊತೆಗಾದರೂ ಮಾತಾಡಿದರೆ ಕಡಿಮೆಯಾಯಿತೇ. ಇದು ನನಗೆ ಹಿಡಿಸಿತು. ದಿನಕ್ಕೆ ನಾಲ್ಕು ಸಲ ನನ್ನ ಮೈಯನ್ನೇ ವಿಚಾರಣೆ ಮಾಡುತ್ತಿದ್ದೆ. ಹೆಚ್ಚು ನಡೆದ ದಿನ ಬಲಗಾಲು ಮಾತ್ರ ನೋಯುತ್ತದೆ, ಐಸ್ ಇಟ್ಟರೆ ಕೇಳುತ್ತದೆ. ಮಾತ್ರೆ ಇಳಿಸಿದ ಮರುದಿನದ ನೋವು ಎಲ್ಲಾ ಕಡೆ ಇರುತ್ತದೆ, ಯಾವ ಐಸಿಗೂ ಬಗ್ಗುವುದಿಲ್ಲ, ಆದರೆ ಮೂರನೇ ದಿನ ತಾನಾಗಿ ಹೋಗುತ್ತದೆ. ಎರಡೂ ಒಂದೇ ಎಂದು ಎಂಟು ತಿಂಗಳು ಅಂದುಕೊಂಡಿದ್ದೆನಲ್ಲ ಎಂದು ಬೆರಗಾಗುತ್ತಿತ್ತು. ಅತ್ತೆಗೂ ಕುತೂಹಲ. "ಇವತ್ತೇನ್ ಬರ್ದೆ, ಓದು" ಎಂದು ಪಕ್ಕದಲ್ಲಿ ಕೂರುತ್ತಿದ್ದರು. ಕೇಳಿಸಿಕೊಂಡು, ತಮ್ಮ ಮಂಡಿನೋವಿನ ವರದಿಯನ್ನೂ ಬರೆದುಕೊ ಎಂದು ಒತ್ತಾಯ ಮಾಡುತ್ತಿದ್ದರು. ಬರೆದುಕೊಂಡೆ.

ಸುಮಾರು ಎರಡೂವರೆ ತಿಂಗಳಿಗೆ ಮಾತ್ರೆ ಪೂರ್ತಿ ನಿಂತಿತು. ನಿದ್ದೆ ಸರಿಯಾಗಲು ಇನ್ನಷ್ಟು ದಿನ ಹಿಡಿಯಿತು.

ರೇಷ್ಮಾಳ ಹತ್ತಿರ ಹೋಗಿ ಆವತ್ತಿನ ಮಾತು ತಪ್ಪಾಯಿತು ಎಂದೆ. ಪರವಾಗಿಲ್ಲ ಅಕ್ಕ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಗನ್ನಲಿಲ್ಲ. "ಆವತ್ತು ಮನೆಗೆ ಹೋಗಿ ತುಂಬ ಅತ್ತುಬಿಟ್ಟೆ ಅಕ್ಕ. ನಾವು ಅತ್ತಿಬೆಲೆ ಕಡೆ ಬೇರೆ ಅಂಗಡಿ ನೋಡ್ಕೊಂಡೂ ಬಂದಿದ್ವಿ" ಎಂದಳು. ಸ್ವಲ್ಪ ಹೊತ್ತು ಡಬ್ಬಿಗಳನ್ನು ಜೋಡಿಸಿ, "ನಂದೂ ತಪ್ಪಿದೆ. ಎರಡನೇ ಸ್ಟ್ರಿಪ್‌ಗೇ ಇಲ್ಲ ಅನ್ಬೇಕಿತ್ತು. ಓನರ್ ಅಂತ ಹೆದರ್ಕೊಂಡೆ" ಎಂದಳು. ಅಷ್ಟರಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳಿಕೊಂಡು ಬಂದರು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಅದರ ಮರುವರ್ಷ ಪ್ಲೇಟಿನ ಒಂದು ಸ್ಕ್ರೂ ಚರ್ಮಕ್ಕೆ ಒತ್ತತೊಡಗಿತು. ಚಪ್ಪಲಿ ಹಾಕಿದರೆ ಹುಣ್ಣು. ತೆಗೆಸಲೇಬೇಕು ಎಂದರು ಮೂಳೆ ಡಾಕ್ಟರು. ಮತ್ತೆ ಆಪರೇಷನ್, ಮತ್ತೆ ನೋವು. ನನಗೆ ಕತ್ತರಿಯ ಹೆದರಿಕೆ ಇರಲಿಲ್ಲ. ಆಮೇಲಿನ ಐದು ದಿನದ ಹೆದರಿಕೆ ಇತ್ತು.

ಮೂಳೆ ಡಾಕ್ಟರಿಗೆ ಹಿಂದಿನದೆಲ್ಲ ಹೇಳಬೇಕಾಗಿ ಬಂತು. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಪೂರ್ತಿ ಕೇಳಿ, "ಹೇಳಿದ್ದು ಒಳ್ಳೇದಾಯ್ತು" ಎಂದರು. ಅವರೂ ವ್ಯಸನಮುಕ್ತಿ ಡಾಕ್ಟರೂ ಫೋನಿನಲ್ಲಿ ಮಾತಾಡಿಕೊಂಡರು. ಬೇರೆ ನೋವಿನ ಔಷಧಿ ಮೊದಲು, ಅದಕ್ಕೆ ಬಗ್ಗದಿದ್ದರೆ ಮಾತ್ರ ಆ ಹಳೇ ಮಾತ್ರೆ, ಅದೂ ನಾಲ್ಕೇ ದಿನ. ಒಂದೊಂದು ದಿನದ್ದನ್ನು ರೇಷ್ಮಾ ಮೇಲೆ ತಂದು ಕೊಡುವುದು ಎಂದಾಯಿತು.

ಮನೆಗೆ ಬಂದ ಎರಡನೇ ಬೆಳಿಗ್ಗೆ ಕಾಲು ಬೆಂಕಿಯಾಗಿತ್ತು. ಬೇರೆ ಔಷಧಿ ಏನೂ ಮಾಡಲಿಲ್ಲ. ರೇಷ್ಮಾ ಸಣ್ಣ ಕವರಿನಲ್ಲಿ ಎರಡು ಮಾತ್ರೆ ತಂದಳು. ನಾನು ಬೇಡ ಎಂದೆ. ಹಲ್ಲು ಕಚ್ಚಿಕೊಂಡಿದ್ದೆ, ಬೆವರು ಕಿವಿಯೊಳಗೆ ಇಳಿಯುತ್ತಿತ್ತು.

"ತಗೊಳ್ಳಿ ಅಕ್ಕ. ಇದು ಕೊಯ್ದ ಗಾಯದ ನೋವು. ಈ ಮಾತ್ರೆ ಇರೋದೇ ಇದಕ್ಕೆ."

"ಹೆದರಿಕೆ ಆಗುತ್ತೆ ಕಣಮ್ಮ."

"ನಾನೂ ಹೆದರ್ಕೊಂಡೇ ತಂದಿದ್ದೀನಿ. ಯಾವ ಕಾಲು ನೋಯ್ತಿದೆ ಹೇಳಿ."

"ಬಲಗಾಲು."

"ಎಡಗಾಲು?"

ನಾನು ಗಮನ ಕೊಟ್ಟು ನೋಡಿದೆ. ಎಡಗಾಲು ತಣ್ಣಗೆ ಸುಮ್ಮನಿತ್ತು. ಮಾತ್ರೆ ತೆಗೆದುಕೊಂಡೆ.

ಮುಕ್ಕಾಲು ಗಂಟೆಗೆ ನೋವು ಸರಿಯಿತು. ಆ ಬಿಸುಪೂ ಬಂತು, ಸುಳ್ಳು ಯಾಕೆ ಹೇಳಲಿ. ಹಳೇ ಪರಿಚಯದವರು ದಾರಿಯಲ್ಲಿ ಸಿಕ್ಕಿದಂತೆ ಅದನ್ನು ಗುರುತು ಹಿಡಿದೆ. ಯಜಮಾನರನ್ನು ಕರೆದು, "ನೋಡಿ, ಅದು ಬಂದಿದೆ" ಎಂದು ಹೇಳಿಬಿಟ್ಟೆ. ಎಂಟು ತಿಂಗಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು, ಅದು ಮೈಯಲ್ಲಿರುವಾಗಲೇ ಜೋರಾಗಿ ಹೇಳಿದ್ದು ಅದೇ ಮೊದಲು. "ಎಂಗಿರ್ತದೆ ಅದು?" ಎಂದು ಅತ್ತೆ ಒಳಗಿನಿಂದಲೇ ಕೇಳಿದರು. ವಿವರಿಸಿದೆ. ವಿವರಿಸುತ್ತಾ ವಿವರಿಸುತ್ತಾ ಅದು ತೆಳ್ಳಗಾಯಿತು.

ನಾಲ್ಕನೇ ದಿನಕ್ಕೆ ಒಂದೇ ಮಾತ್ರೆ ಸಾಕಾಯಿತು. ಐದನೇ ದಿನ ರೇಷ್ಮಾ ಬರಿಗೈಯಲ್ಲಿ ಬಂದು ಗಾಯದ ಪಟ್ಟಿ ನೋಡಿ ಹೋದಳು.

ಆರನೇ ದಿನ ಬೆಳಿಗ್ಗೆ ಎಚ್ಚರವಾದಾಗ ಕಾಲು ನೋಯುತ್ತಿತ್ತು. ಹೊಲಿಗೆ ಹಾಕಿದ ಜಾಗದಲ್ಲಿ, ಅಲ್ಲಿ ಮಾತ್ರ. ಕೆಳಗೆ ರಸ್ತೆಯಲ್ಲಿ ಮೊದಲ ಶಿಫ್ಟಿನ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಮೆಟ್ಟಿಲ ಮೇಲೆ ಬಾಡಿಗೆಯವರು ಓಡಿ ಇಳಿಯುವ ಸದ್ದು. ಯಜಮಾನರು ಕಾಫಿ ತಂದರು.

"ಹೆಂಗಿದೆ?"

"ನೋಯ್ತಾ ಇದೆ."

ಅವರ ಮುಖ ಬದಲಾಯಿತು. "ಡಾಕ್ಟ್ರಿಗೆ ಫೋನ್ ಮಾಡ್ಲಾ? ಮಾತ್ರೆ ಏನಾದ್ರೂ…"

"ಬೇಡ. ಇದಕ್ಕೆ ಮಾತ್ರೆ ಬೇಡ" ಎಂದೆ. "ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳಿ."

ಅವರು ಕುರ್ಚಿ ಎಳೆದುಕೊಂಡು ಕೂತರು.